ಹದಿನಾರು ಮಾತ್ರೆಗಳ ಲೆಕ್ಕ: ಫಾರ್ಮಸಿ ವಿದ್ಯಾರ್ಥಿನಿಯೊಬ್ಬಳ ಆಸ್ಪತ್ರೆ ತರಬೇತಿಯ ಪ್ರಕರಣ ಅಧ್ಯಯನ

ಇದು ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ನಡೆದದ್ದು. ಡಿಗ್ರಿ ಓದುತ್ತಲೇ ಎಂಟು ವಾರದ ತರಬೇತಿಗೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ, ಅವಳ ಜವಾಬ್ದಾರಿ ಹೊತ್ತಿದ್ದ ಫಾರ್ಮಸಿಸ್ಟ್ ನಾನು, ಸ್ವಲ್ಪದರಲ್ಲಿ ಅಪಾಯದಿಂದ ಪಾರಾದ ಒಬ್ಬ ರೋಗಿ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಔಷಧಿ, ಡೋಸ್, ಒಂದಾದ ಮೇಲೆ ಒಂದು ನಡೆದ ರೀತಿ ಇದ್ದ ಹಾಗೇ ಇವೆ. ವಿದ್ಯಾರ್ಥಿನಿ ಇದನ್ನು ಓದಿ ಒಪ್ಪಿದ ಮೇಲೇ ಹಂಚಿಕೊಳ್ಳುತ್ತಿದ್ದೇನೆ.

ಹಿನ್ನೆಲೆ

ಅವಳು ಕೊನೆಯ ವರ್ಷದವಳು. ಓದಿನಲ್ಲಿ ಜಾಣೆ, ಮಾತು ಕಡಿಮೆ. ಮೊದಲ ದಿನ ನಾನೇ ಫಾರ್ಮಸಿ ಸುತ್ತಿಸಿ ತೋರಿಸಿದೆ. ಇದು ಸ್ಟೋರ್. ಇದು ಫ್ರಿಜ್, ಇನ್ಸುಲಿನ್ ಮತ್ತು ಲಸಿಕೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಲೇಬೇಕು, ದಿನಕ್ಕೆ ಎರಡು ಸಲ ನೋಡಿ ಬರೆಯಬೇಕು. ಇದು ಮಾರ್ಫಿನ್ ಇಡುವ ಬೀಗದ ಕಪಾಟು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಕೊನೆಗೆ "ಏನಾದ್ರೂ ಡೌಟ್ ಇದ್ರೆ ಕೇಳು" ಅಂದೆ. ಎಲ್ಲರೂ ಹೇಳುವ ಮಾತು ಅದು. ಯಾವಾಗ ಕೇಳಬೇಕು, ಯಾರನ್ನ ಕೇಳಬೇಕು, ನಾನು ಕೈಗೆ ಸಿಗದಿದ್ದರೆ ಏನು ಮಾಡಬೇಕು, ಇದ್ಯಾವುದನ್ನೂ ಹೇಳಲಿಲ್ಲ.

ಆಗ ನಮ್ಮಲ್ಲಿ ಜನ ಕಡಿಮೆ ಇದ್ದರು. ಮೊದಲ ಎರಡು ವಾರ ಅವಳು ರ‍್ಯಾಕ್ ತುಂಬಿದಳು. ಎಕ್ಸ್‌ಪೈರಿ ಹತ್ತಿರ ಬಂದ ಔಷಧಿಗಳನ್ನು ಮುಂದಕ್ಕೆ ತಂದಿಟ್ಟಳು. ಮಾತ್ರೆ ಎಣಿಸಿದಳು, ಲೇಬಲ್ ಅಂಟಿಸಿದಳು. ಕೆಲಸ ಅಚ್ಚುಕಟ್ಟು. "ಒಳ್ಳೆ ಹುಡುಗಿ, ಹೇಳಿದ್ದು ಮಾಡ್ತಾಳೆ" ಅಂತ ಎಲ್ಲರೂ ಮೆಚ್ಚಿಕೊಂಡರು. ನನಗೂ ನಿರಾಳ ಆಯಿತು.

ಎಣಿಸುವುದು, ಜೋಡಿಸುವುದು ಕೀಳು ಕೆಲಸ ಅಲ್ಲ. ಒಂದೇ ಥರ ಕಾಣುವ ಎರಡು ಡಬ್ಬಿ ಅಕ್ಕಪಕ್ಕ ಇದ್ದರೆ ಏನಾಗುತ್ತೆ ಅನ್ನೋದು ರ‍್ಯಾಕ್ ತುಂಬಿದವರಿಗೇ ಗೊತ್ತು. ಮುಂದೆ ಈ ರೋಗಿಯನ್ನು ಉಳಿಸಿದ್ದೂ ಒಂದು ಎಣಿಕೆಯೇ. ಆದರೆ ಎಣಿಸುವಾಗ ತಲೆಯಲ್ಲಿ ಏನು ಓಡುತ್ತಿದೆ ಅಂತ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ತೊಂದರೆ ಇದ್ದದ್ದು ಅಲ್ಲಿ.

ಕಾಲೇಜಿಗೆ ಬೇಕಾಗಿದ್ದದ್ದು ಗಂಟೆಗಳ ಲೆಕ್ಕ. ಇದು ಎಲ್ಲ ಕಡೆಯೂ ಹಾಗೇ. ಅಮೆರಿಕದ ಫಾರ್ಮಸಿ ಶಿಕ್ಷಣದ 2016ರ ಮಾನದಂಡದಲ್ಲಿ ಆರಂಭದ ತರಬೇತಿಗೆ ಕಡೇ ಪಕ್ಷ 300 ಗಂಟೆ, ಕೊನೆಯ ಹಂತಕ್ಕೆ 1,440 ಗಂಟೆ ಅಂತ ಇತ್ತು. ಗಂಟೆ ಬೇಡ ಅಂತಲ್ಲ, ಗಂಟೆ ಹಾಕದೆ ಕೈಗೆ ಕೆಲಸ ಹತ್ತುವುದಿಲ್ಲ. ಆದರೆ ಆ ಗಂಟೆಯೊಳಗೆ ವಿದ್ಯಾರ್ಥಿ ಏನನ್ನ ತೀರ್ಮಾನಿಸಿದಳು ಅನ್ನೋದು ಆ ಲೆಕ್ಕದಲ್ಲಿ ಬರುವುದಿಲ್ಲ. ಅವಳ ಲಾಗ್‌ಬುಕ್ಕನ್ನು ಆಮೇಲೆ ತೆಗೆದು ನೋಡಿದೆ. 11 ದಿನ, 11 ಸಾಲು, ಎಲ್ಲದರಲ್ಲೂ ಒಂದೇ ಮಾತು: "ಔಷಧಿ ವಿತರಣೆ, ಗಮನಿಸಿದೆ." ಪ್ರತಿ ಸಾಲಿನ ಕೊನೆಗೆ ನನ್ನ ಸಹಿ. ಹನ್ನೊಂದೂ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿದ್ದವು. ಒಂದೇ ಸಲ ಕೂತು ಹಾಕಿದ್ದೆ.

ಆವತ್ತು ನಡೆದದ್ದು

ಮೂರನೇ ವಾರ. ಡಿಸ್ಚಾರ್ಜ್ ಜಾಸ್ತಿ ಇದ್ದ ದಿನ. ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿ ನೋಯುವ ಕಾಯಿಲೆ) ಇದ್ದ ವಯಸ್ಸಾದ ಹೆಂಗಸೊಬ್ಬರಿಗೆ ಡಾಕ್ಟರ್ ಹೊಸದಾಗಿ ಮೆಥೊಟ್ರೆಕ್ಸೇಟ್ ಬರೆದಿದ್ದರು. ವಾರಕ್ಕೊಮ್ಮೆ 10 ಮಿಲಿಗ್ರಾಂ, ಅಂದರೆ 2.5 ಮಿಲಿಗ್ರಾಂನ 4 ಮಾತ್ರೆ. ನಾಲ್ಕು ವಾರಕ್ಕೆ 16 ಮಾತ್ರೆ. ಜೊತೆಗೆ ಬೇರೆ ದಿನ ತೆಗೆದುಕೊಳ್ಳಲು ಫೋಲಿಕ್ ಆ್ಯಸಿಡ್.

ಫಾರ್ಮಸಿಯವರಿಗೆ ಈ ಔಷಧಿಯ ಹೆಸರು ಕೇಳಿದರೇ ಕಿವಿ ನೆಟ್ಟಗಾಗಬೇಕು. ಜೀವಕೋಶ ಬೆಳೆಯಲು ಬೇಕಾದ ಫೋಲೇಟ್ ಅನ್ನೋ ವಿಟಮಿನ್ ಕೆಲಸ ಮಾಡುವುದನ್ನು ಇದು ತಡೆಯುತ್ತದೆ. ಹಾಗಾಗಿ ಬೇಗ ಬೇಗ ಬೆಳೆಯುವ ಜೀವಕೋಶಗಳಿಗೆ ಮೊದಲು ಪೆಟ್ಟು: ಮೂಳೆ ಮಜ್ಜೆ, ಬಾಯಿ, ಕರುಳು. ಕೀಲುನೋವಿಗೆ ವಾರಕ್ಕೊಮ್ಮೆ ತಗೊಂಡರೆ ಒಳ್ಳೆಯ ಔಷಧಿ. ಅದನ್ನೇ ತಪ್ಪಿ ದಿನಾ ತಗೊಂಡರೆ ಬಾಯಲ್ಲಿ ಹುಣ್ಣಾಗುತ್ತೆ, ಬಿಳಿ ರಕ್ತಕಣ ಕುಸಿಯುತ್ತೆ, ಜೀವವೂ ಹೋಗಬಹುದು. ಇಂಥ ತಪ್ಪುಗಳು ನಿಲ್ಲಲೇ ಇಲ್ಲ ಅಂತ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ 2019ರಲ್ಲಿ ಹೊಸ ಎಚ್ಚರಿಕೆ ಕ್ರಮಗಳನ್ನೇ ತಂದಿತು.

ನಮ್ಮ ಕಂಪ್ಯೂಟರಿನಲ್ಲಿ ಔಷಧಿ ಆರಿಸಿದ ತಕ್ಷಣ "ದಿನಕ್ಕೊಮ್ಮೆ" ಅಂತ ತಾನಾಗೇ ಬರುತ್ತಿತ್ತು. ಬೇಕಾದರೆ ನಾವು ಬದಲಿಸಬೇಕು. ನಮೂದಿಸಿದವರು ಬದಲಿಸಲಿಲ್ಲ. "ದಿನಕ್ಕೊಮ್ಮೆ 4 ಮಾತ್ರೆ" ಅಂತ ಲೇಬಲ್ ಬಂತು. ವಿದ್ಯಾರ್ಥಿನಿ 16 ಮಾತ್ರೆ ಎಣಿಸಿ, ಲೇಬಲ್ ಅಂಟಿಸಿ, ಟ್ರೇಗೆ ಹಾಕಿದಳು. ಪರಿಶೀಲಿಸಿದ ಫಾರ್ಮಸಿಸ್ಟ್ ಹೆಸರು ನೋಡಿದರು, ಮಾತ್ರೆ ಎಷ್ಟಿದೆ ನೋಡಿದರು, ಸಹಿ ಹಾಕಿದರು. ಚೀಲ ರೋಗಿಯ ಕೈಗೆ ಹೋಯಿತು.

ಅವಳಿಗೆ ಕಾಡಿದ್ದು ಆ 16. ದಿನಕ್ಕೆ 4 ಆದರೆ ನಾಲ್ಕೇ ದಿನಕ್ಕೆ ಖಾಲಿ. ಡಾಕ್ಟರ್ ಮತ್ತೆ ಬರಲು ಹೇಳಿದ್ದು ಒಂದು ತಿಂಗಳ ಮೇಲೆ. ಜೊತೆಗೆ ಕ್ಲಾಸಿನಲ್ಲಿ "ವಾರಕ್ಕೊಮ್ಮೆ" ಅಂತ ಕೇಳಿದ ನೆನಪು. ಅವಳು ನನ್ನ ಹತ್ತಿರ ಬಂದಳು. ನಾನು ಫೋನಿನಲ್ಲಿದ್ದೆ, ಸ್ಟಾಕ್ ಮುಗಿದ ಒಂದು ಇಂಜೆಕ್ಷನ್‌ಗಾಗಿ ಸಪ್ಲೈಯರ್ ಜೊತೆ ಮಾತಾಡುತ್ತಿದ್ದೆ. ಅವಳ ಮುಖ ಕೂಡ ನೋಡದೆ ಕೈ ಎತ್ತಿ "ಒಂದು ನಿಮಿಷ" ಅಂದೆ. ಸ್ವಲ್ಪ ಹೊತ್ತು ನಿಂತಳು. ಕೌಂಟರಿನಿಂದ ಯಾರೋ ಕರೆದರು, ಹೋದಳು. ಅಷ್ಟೊತ್ತಿಗೆ ರೋಗಿ ಇನ್ನೂ ಹೊರಗಿನ ಬೆಂಚಿನ ಮೇಲೆ ಕೂತು ಮಗಳಿಗಾಗಿ ಕಾಯುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ಆ ಬೆಂಚು ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ.

ಸಂಜೆ ಹೊರಡುವ ಹೊತ್ತಿಗೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಮತ್ತೆ ಬಂದಳು. "ಮೇಡಂ, ಒಂದು ಕೇಳ್ಲಾ? ಮೆಥೊಟ್ರೆಕ್ಸೇಟ್ ದಿನಾ ಕೊಡೋದೂ ಇದೆಯಾ?"

ಚೀಟಿ ಹುಡುಕಿ ತೆಗೆದೆ. ಕೈ ನಡುಗುತ್ತಿತ್ತು. ಮನೆಗೆ ಫೋನ್ ಮಾಡಿದಾಗ ಮಗಳು ಎತ್ತಿದರು. ಮಾತ್ರೆ ಇನ್ನೂ ಮುಟ್ಟಿರಲಿಲ್ಲ, ನಾಳೆ ಬೆಳಿಗ್ಗೆಯಿಂದ ಶುರು ಮಾಡೋಣ ಅಂತ ಎತ್ತಿಟ್ಟಿದ್ದರಂತೆ. ಮೊದಲ ದಿನದ 4 ಮಾತ್ರೆ ಸರಿಯಾದ ಡೋಸೇ, ಅಪಾಯ ಶುರುವಾಗುತ್ತಿದ್ದದ್ದು ಎರಡನೇ ದಿನದಿಂದ. ತಪ್ಪು ನಮ್ಮದು ಅಂತ ನೇರವಾಗಿ ಹೇಳಿದೆ, ಕ್ಷಮೆ ಕೇಳಿದೆ. ಆವತ್ತೇ ಹೊಸ ಲೇಬಲ್ ಕಳಿಸಿದೆವು. ಅದರಲ್ಲಿ ವಾರದ ಯಾವ ದಿನ ತೆಗೆದುಕೊಳ್ಳಬೇಕು ಅಂತ ಪೂರ್ತಿ ಅಕ್ಷರದಲ್ಲಿ ಬರೆದೆವು. ಮಗಳ ಕೈಲಿ ಅದನ್ನ ಫೋನಿನಲ್ಲಿ ಎರಡು ಸಲ ಓದಿಸಿದೆ.

ಮೊದಲು ಮಾಡಿದ್ದು

ಮರುದಿನ ಕೂತು ಮಾತಾಡಿದೆವು. ಕಂಪ್ಯೂಟರಿನಲ್ಲಿ ಮೆಥೊಟ್ರೆಕ್ಸೇಟ್‌ಗೆ "ದಿನಕ್ಕೊಮ್ಮೆ" ತಾನಾಗೇ ಬರದ ಹಾಗೆ ಮಾಡಿಸಿದೆವು. ಅದು ಸರಿಯಾದ ಕೆಲಸ, ಬೇಗ ಆಯಿತು. ಅದರ ಹಿಂದೆಯೇ ಇನ್ನೊಂದು ಮಾತು ಬಂತು: "ಸ್ಟೂಡೆಂಟ್ಸ್‌ನ ಡಿಸ್ಚಾರ್ಜ್ ಔಷಧಿಗೆ ಬಿಡೋದೇ ಬೇಡ." ನಾನೂ ತಲೆಯಾಡಿಸಿದೆ. ಅವಳನ್ನು ಒಂದು ವಾರ ಸ್ಟೋರಿಗೆ ಕಳಿಸಿದೆವು.

ಈ ಪ್ರಕರಣದಲ್ಲಿ ನನಗೆ ಇವತ್ತಿಗೂ ನೋವು ಕೊಡುವ ತೀರ್ಮಾನ ಅದು. ಆ ಚೀಲ ಮೂರು ಜನರ ಕೈ ದಾಟಿತ್ತು. ಇಬ್ಬರು ಅನುಭವಿಗಳು. ತಪ್ಪನ್ನ ಗಮನಿಸಿದ್ದು ಮೂರನೆಯವಳು ಒಬ್ಬಳೇ. ನಾವು ಕೌಂಟರಿನಿಂದ ತೆಗೆದದ್ದು ಅವಳನ್ನೇ. ಶಿಕ್ಷೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳಿಗೆ ಅದು ಹಾಗೇ ಅನ್ನಿಸಿತು. ಮೊದಲೇ ಮಾತು ಕಡಿಮೆ, ಈಗ ಅದೂ ನಿಂತಿತು.

ಎರಡನೆಯದು ನಾನೇ ಮಾಡಿದ ಚೆಕ್‌ಲಿಸ್ಟ್. 22 ಅಂಶ: ರೋಗಿಯ ಹೆಸರು, ವಯಸ್ಸು, ಅಲರ್ಜಿ, ಡೋಸ್, ಎಷ್ಟು ಸಲ, ಎಷ್ಟು ದಿನ, ಹೀಗೆ. ಪ್ರತಿ ಚೀಲಕ್ಕೂ ಒಂದು ಹಾಳೆ. ನಾಲ್ಕನೇ ದಿನ ನೋಡಿದರೆ ಇನ್ನೂ ಔಷಧಿಯೇ ತುಂಬದ ಚೀಲದ ಜೊತೆ ಟಿಕ್ ಹಾಕಿದ ಹಾಳೆ ಇತ್ತು. ಬೆಳಿಗ್ಗೆಯೇ ಹತ್ತು ಹಾಳೆಗೆ ಸುಮ್ನೆ ಟಿಕ್ ಹಾಕಿಟ್ಟಿದ್ದರು. ಹಾಕಿದ್ದು ನಮ್ಮವರೇ, ಅವಳಲ್ಲ. ಹಾಳೆ ಕೈಬಿಟ್ಟೆ.

ಸ್ಟೋರಿನಲ್ಲಿ ಆಡಿದ ಮಾತು

ಆ ವಾರದ ಕೊನೆಗೆ ಸ್ಟೋರಿಗೆ ಹೋದೆ. ಅವಳು ಸಲೈನ್ ಪೆಟ್ಟಿಗೆಗಳ ಬ್ಯಾಚ್ ನಂಬರ್ ಬರೆದುಕೊಳ್ಳುತ್ತಿದ್ದಳು. ನಾನೂ ಒಂದು ಪೆಟ್ಟಿಗೆ ಮೇಲೆ ಕೂತೆ. "ಆವತ್ತು ಯಾಕೆ ಜೋರಾಗಿ ಹೇಳ್ಲಿಲ್ಲ?" ಅಂತ ಕೇಳಿದೆ. ಕೇಳಿದ ಮೇಲೆ, ಇದು ಆರೋಪದ ಥರ ಇದೆ ಅನ್ನಿಸಿ, "ನಾನು ಬೈಯೋಕೆ ಬಂದಿಲ್ಲ. ನನಗೆ ಅರ್ಥ ಆಗ್ಬೇಕು, ಅದಕ್ಕೆ" ಅಂದೆ.

ತುಂಬ ಹೊತ್ತಿನ ಮೇಲೆ ಹೇಳಿದಳು. "ಚೆಕ್ ಮಾಡಿದವರು ಸಹಿ ಹಾಕಿಬಿಟ್ಟಿದ್ರು, ಮೇಡಂ. ಅವರಿಗಿಂತ ನನಗೆ ಜಾಸ್ತಿ ಗೊತ್ತು ಅನ್ನೋ ಹಾಗಾಗತ್ತೆ ಅಲ್ವಾ? ಒಂದು ವೇಳೆ ನಂದೇ ತಪ್ಪಾಗಿದ್ರೆ?" ಆಮೇಲೆ, ಕೈಯಲ್ಲಿದ್ದ ಪಟ್ಟಿ ನೋಡುತ್ತಲೇ, "ನೀವು ಕೈ ಎತ್ತಿದ್ರಲ್ಲ, ಇದು ನಿಮಗೆ ಗೊತ್ತಿರತ್ತೆ ಬಿಡು ಅಂದ್ಕೊಂಡೆ."

ಅವಳಿಗೆ ವಿಷಯ ಗೊತ್ತಿತ್ತು. ಲೆಕ್ಕ ಸರಿಯಾಗಿತ್ತು. ನಿಲ್ಲಿಸುವ ಅಧಿಕಾರ ಮಾತ್ರ ಇರಲಿಲ್ಲ. ಆ ಅಧಿಕಾರ ತನಗೆ ಇರಬಹುದು ಅಂತ ಅವಳಿಗೆ ಹೊಳೆದಿರಲೂ ಇಲ್ಲ, ಯಾಕಂದ್ರೆ ಎರಡೂವರೆ ವಾರದಲ್ಲಿ ನಾವು ಕಲಿಸಿದ್ದು ಹೇಳಿದ್ದನ್ನ ಮಾಡುವುದನ್ನ.

ವೈದ್ಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಕಲಿಕೆಗೆ ನಾಲ್ಕು ಮೆಟ್ಟಿಲು ಹೇಳಿದ್ದರು: ವಿಷಯ ಗೊತ್ತಿರುವುದು, ಹೇಗೆ ಮಾಡಬೇಕು ಅಂತ ಗೊತ್ತಿರುವುದು, ಮಾಡಿ ತೋರಿಸುವುದು, ನಿಜವಾದ ಕೆಲಸದಲ್ಲಿ ಮಾಡುವುದು. ಮೊದಲ ಮೂರನ್ನ ಕಾಲೇಜೇ ಪರೀಕ್ಷೆ ಮಾಡಬಹುದು. ನಾಲ್ಕನೆಯದು ಆಗುವುದು ನಮ್ಮಂಥ ಜಾಗದಲ್ಲಿ. ನಮ್ಮ ಹುಡುಗಿ ಮೂರನೇ ಮೆಟ್ಟಿಲ ಮೇಲೆ ನಿಂತು ಬಂದಿದ್ದಳು. ಮುಂದಿನ ಮೆಟ್ಟಿಲ ಮೇಲೆ ಕಾಲಿಡಲು ನಾವು ಜಾಗವೇ ಕೊಟ್ಟಿರಲಿಲ್ಲ.

ಕೆಂಪು ಟ್ರೇ

ಐದನೇ ವಾರ ಅವಳನ್ನು ವಾಪಸ್ ಕೌಂಟರಿಗೆ ಕರೆದುಕೊಂಡೆ. ಜೊತೆಗೆ ಒಂದು ಕೆಂಪು ಪ್ಲಾಸ್ಟಿಕ್ ಟ್ರೇ ತಂದಿಟ್ಟೆ. ಯಾರಿಗೇ ಆಗಲಿ, ವಿದ್ಯಾರ್ಥಿಗೂ ಸೇರಿ, ಒಂದು ಚೀಲದ ಬಗ್ಗೆ ಅನುಮಾನ ಬಂದರೆ ಅದರಲ್ಲಿ ಇಡಬೇಕು. ಕಾರಣ ಹೇಳಬೇಕಿಲ್ಲ, ಫೋನಿನಲ್ಲಿದ್ದವರಿಗಾಗಿ ಕಾಯಬೇಕಿಲ್ಲ. ಒಬ್ಬ ಫಾರ್ಮಸಿಸ್ಟ್ ನೋಡಿ, ಇಟ್ಟವರಿಗೆ ಉತ್ತರ ಹೇಳುವವರೆಗೆ ಆ ಚೀಲ ಹೊರಗೆ ಹೋಗುವಂತಿಲ್ಲ. "ಇಟ್ಟವರಿಗೆ ಉತ್ತರ ಹೇಳುವವರೆಗೆ" ಅನ್ನೋದು ಮುಖ್ಯ. ಸುಮ್ನೆ ನೋಡಿ ವಾಪಸ್ ಕಳಿಸಿದರೆ ಕಲಿಯುವವರಿಗೆ ಏನೂ ದಕ್ಕುವುದಿಲ್ಲ.

ಸಾಲು ಉದ್ದ ಆಗುತ್ತೆ ಅಂತ ನಮ್ಮವರು ಗೊಣಗಿದರು. ತಪ್ಪು ಮಾತಲ್ಲ ಅದು. ಎರಡು ವಾರ ನೋಡೋಣ ಅಂತ ಒಪ್ಪಿಸಿದೆ.

ಅವಳು ಮೊದಲು ಇಟ್ಟದ್ದು ಫ್ಯೂರೊಸೆಮೈಡ್ ಚೀಲ. ಬೆಳಿಗ್ಗೆ 8ಕ್ಕೆ ಒಂದು, ಮಧ್ಯಾಹ್ನ 2ಕ್ಕೆ ಒಂದು ಅಂತಿತ್ತು. ದಿನಕ್ಕೆರಡು ಅಂದರೆ 12 ಗಂಟೆ ಅಂತರ ಇರಬೇಕಲ್ವಾ ಅನ್ನೋದು ಅವಳ ಅನುಮಾನ. ಪಕ್ಕದಲ್ಲಿದ್ದ ನಮ್ಮ ಹಿರಿಯರೊಬ್ಬರು "ಇಷ್ಟೂ ಗೊತ್ತಿಲ್ವಾ?" ಅಂದುಬಿಟ್ಟರು. ಅವಳ ಮುಖ ಕೆಂಪಾಯಿತು. ಟ್ರೇ ಅಲ್ಲಿಗೇ ಮುಗಿಯುವುದರಲ್ಲಿತ್ತು. ನಾನು ಕೈಯಲ್ಲಿದ್ದದ್ದನ್ನ ಬಿಟ್ಟು ಹೋಗಿ ಹೇಳಿದೆ: "ನಿಲ್ಲಿಸಿದ್ದು ಸರಿ. ಇದು ಮೂತ್ರ ಜಾಸ್ತಿ ಮಾಡಿಸೋ ಮಾತ್ರೆ. ರಾತ್ರಿ 8ಕ್ಕೆ ಕೊಟ್ಟರೆ ವಯಸ್ಸಾದವರು ರಾತ್ರಿಯೆಲ್ಲ ಎದ್ದೆದ್ದು ಓಡಾಡಬೇಕು, ಕತ್ತಲಲ್ಲಿ ಬೀಳ್ತಾರೆ. ಅದಕ್ಕೇ ಎರಡನೆಯದು ಮಧ್ಯಾಹ್ನ." ಒಂದು ನಿಮಿಷದ ಮಾತು. ಆ ಒಂದು ನಿಮಿಷದಲ್ಲಿ ಅವಳು ಕಲಿತದ್ದನ್ನ ಯಾವ ಲಾಗ್‌ಬುಕ್ಕಿನ ಯಾವ ಕಾಲಂನಲ್ಲಿ ಬರೆಯಬೇಕೋ ನನಗೆ ತಿಳಿಯಲಿಲ್ಲ.

ಹಿರಿಯರ ಜೊತೆ ಆಮೇಲೆ ಒಬ್ಬರೇ ಇದ್ದಾಗ ಮಾತಾಡಿದೆ. ಅವರು ಜಾಸ್ತಿ ಏನೂ ಹೇಳಲಿಲ್ಲ. ಮೂರು ದಿನ ಬಿಟ್ಟು ಅವರೇ ಒಂದು ಚೀಲ ತಂದು ಕೆಂಪು ಟ್ರೇಯಲ್ಲಿಟ್ಟು, ಎಲ್ಲರಿಗೂ ಕೇಳುವ ಹಾಗೆ "ನನಗೆ ಈ ಡೋಸ್ ಯಾಕೋ ಸರಿ ಕಾಣ್ತಿಲ್ಲ, ಯಾರಾದ್ರೂ ನೋಡಿ" ಅಂದರು. ವಿದ್ಯಾರ್ಥಿನಿ ಅಲ್ಲೇ ನಿಂತಿದ್ದಳು. ನಾನು ಹೇಳಿದ ಯಾವ ಮಾತಿಗಿಂತಲೂ ಅದು ಅವಳಿಗೆ ಧೈರ್ಯ ಕೊಟ್ಟಿತು.

ದಿನಕ್ಕೊಬ್ಬ ರೋಗಿ

ಟ್ರೇಯ ಜೊತೆ ಇನ್ನೊಂದು ಬದಲಾವಣೆ ಮಾಡಿದೆ. ದಿನಕ್ಕೆ ಒಬ್ಬರೇ ರೋಗಿ, ಆದರೆ ಪೂರ್ತಿ ಅವಳ ರೋಗಿ. ವಾರ್ಡಿಗೆ ಹೋಗಬೇಕು. ಮನೆಯಲ್ಲಿ ಏನೇನು ತಗೊಳ್ಳುತ್ತಿದ್ದರು ಅಂತ ಕೇಳಿ, ಫೈಲಿನಲ್ಲಿ ಬರೆದದ್ದರ ಜೊತೆ ಹೋಲಿಸಬೇಕು. ಮಧ್ಯಾಹ್ನ 3ಕ್ಕೆ ನನ್ನ ಜೊತೆ 15 ನಿಮಿಷ. ಮೊದಲು ಅವಳ ಅಭಿಪ್ರಾಯ, ಆಮೇಲೆ ನನ್ನದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ಹಾನಿ ತಡೆಯುವ ಅಭಿಯಾನ ಶುರು ಮಾಡಿದಾಗ ಒತ್ತಿ ಹೇಳಿದ ಮೂರು ಜಾಗಗಳಲ್ಲಿ ಒಂದು ಇದೇ: ರೋಗಿ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಹೋಗುವ ಹೊಸ್ತಿಲು. ನಮ್ಮ ಮೆಥೊಟ್ರೆಕ್ಸೇಟ್ ಜಾರಿದ್ದೂ ಆ ಹೊಸ್ತಿಲಲ್ಲೇ.

ಪ್ರಶ್ನೆ ಕೇಳುವುದನ್ನ ಅವಳು ನಿಧಾನವಾಗಿ ಕಲಿತಳು. "ಯಾವ ಮಾತ್ರೆ ತಗೊಳ್ತೀರಿ?" ಅಂದರೆ ಜನ ಒಂದೆರಡು ಹೇಳಿ ಸುಮ್ಮನಾಗುತ್ತಾರೆ. "ನಿದ್ದೆಗೆ? ನೋವಿಗೆ? ಹೊಟ್ಟೆಗೆ? ಬೇರೆ ಡಾಕ್ಟರ್ ಕೊಟ್ಟಿದ್ದು?" ಅಂತ ಒಂದೊಂದಾಗಿ ಕೇಳಿದರೆ ಪಟ್ಟಿ ಉದ್ದ ಆಗುತ್ತೆ. ನಾನು ಆ 15 ನಿಮಿಷವನ್ನ ಮೂರು ದಿನ ತಪ್ಪಿಸಿದೆ. ತಪ್ಪಿಸಿದ ಮರುದಿನ ಅವಳ ಟಿಪ್ಪಣಿ ಚಿಕ್ಕದಾಗಿರುತ್ತಿತ್ತು.

ಏಳನೇ ವಾರ ಹಲ್ಲಿನ ಸೋಂಕಿಗೆ ಸೇರಿದ್ದ ಒಬ್ಬರನ್ನ ಅವಳು ನೋಡಿದಳು. ಫೈಲಿನಲ್ಲಿ ಬಿಪಿ ಮಾತ್ರೆ ಮಾತ್ರ ಇತ್ತು. "ಬೇರೆ ಡಾಕ್ಟರ್ ಕೊಟ್ಟಿದ್ದು?" ಅಂದಾಗ ಅವರು ದಿಂಬಿನ ಪಕ್ಕದ ಚೀಲದಿಂದ ಒಂದು ಮಾತ್ರೆ ಸ್ಟ್ರಿಪ್ ತೆಗೆದರು. "ಇದು ರಕ್ತ ತೆಳು ಮಾಡೋದು, ದಿನಾ ರಾತ್ರಿ." ವಾರ್ಫರಿನ್. ಆವತ್ತು ಬೆಳಿಗ್ಗೆಯಷ್ಟೇ ಮೆಟ್ರೊನಿಡಜೋಲ್ ಅನ್ನೋ ಆಂಟಿಬಯೋಟಿಕ್ ಶುರುವಾಗಿತ್ತು. ಅದು ವಾರ್ಫರಿನ್ ಒಡೆಯುವ ಯಕೃತ್ತಿನ ಕಿಣ್ವವನ್ನ ತಡೆಯುತ್ತೆ, ಹಾಗಾಗಿ ವಾರ್ಫರಿನ್ ರಕ್ತದಲ್ಲೇ ಉಳಿದು ರಕ್ತಸ್ರಾವದ ಅಪಾಯ ಏರುತ್ತೆ.

ಡಾಕ್ಟರಿಗೆ ನೀನೇ ಫೋನ್ ಮಾಡು, ನಾನು ಪಕ್ಕದಲ್ಲಿರ್ತೀನಿ ಅಂದೆ. ಅವಳು ಕಿಣ್ವದ ಹೆಸರಿನಿಂದ ಶುರು ಮಾಡಿದಳು. ಆ ಕಡೆಯಿಂದ "ಏನಮ್ಮಾ, ವಿಷಯ ಏನು?" ಅಂತ ಬಂತು. ನಾನು ಒಂದು ಕಾಗದದ ಮೇಲೆ "ಯಾರು, ಏನಾಗಿದೆ, ಏನು ಬೇಕು" ಅಂತ ಬರೆದು ಅವಳ ಮುಂದೆ ತಳ್ಳಿದೆ. ಒಂದು ಉಸಿರು ತಗೊಂಡಳು. "ಸರ್, ಈ ಬೆಡ್ಡಿನ ರೋಗಿ ವಾರ್ಫರಿನ್ ಮೇಲಿದ್ದಾರೆ, ಫೈಲಿನಲ್ಲಿ ಇಲ್ಲ. ಬೆಳಿಗ್ಗೆ ಮೆಟ್ರೊನಿಡಜೋಲ್ ಶುರುವಾಗಿದೆ. ಐಎನ್‌ಆರ್ ನೋಡಬೇಕು, ಆಂಟಿಬಯೋಟಿಕ್ ಬದಲಿಸಬಹುದಾ?" ಡಾಕ್ಟರ್ ಆಂಟಿಬಯೋಟಿಕ್ ಬದಲಿಸಿದರು, ಆವತ್ತೇ ಐಎನ್‌ಆರ್‌ಗೆ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ ಪರೀಕ್ಷೆಗೆ, ರಕ್ತ ಕಳಿಸಿದರು. ಫೋನ್ ಇಟ್ಟ ಮೇಲೆ ಅವಳು ಆ ಕಾಗದ ಮಡಚಿ ಜೇಬಿಗೆ ಹಾಕಿಕೊಂಡಳು.

ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು

ನಾಲ್ಕು ವಾರದಲ್ಲಿ ಅವಳು ಕೆಂಪು ಟ್ರೇಯಲ್ಲಿ ಇಟ್ಟದ್ದು 9 ಚೀಲ. 6 ಸರಿಯಾಗೇ ಇದ್ದವು. 2ಕ್ಕೆ ವಾರ್ಡಿನಿಂದ ಸ್ಪಷ್ಟನೆ ಬೇಕಾಯಿತು. 1ರಲ್ಲಿ ನಿಜವಾದ ತಪ್ಪಿತ್ತು, ಅಮ್ಮ ಮಗಳಿಬ್ಬರ ಔಷಧಿ ಅದಲುಬದಲಾಗಿತ್ತು. ಒಂಬತ್ತರಲ್ಲಿ ಆರು ಸುಮ್ನೆ ಹೋಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಆ ಆರಕ್ಕೂ ನಾನು ಖುಷಿಯಿಂದ ಉತ್ತರ ಕೊಟ್ಟಿದ್ದರಿಂದಲೇ ಉಳಿದ ಮೂರನ್ನ ಅವಳು ಇಟ್ಟಳು ಅಂತ ನಾನು ನಂಬಿದ್ದೇನೆ. ಮೊದಲನೆಯದಕ್ಕೇ ಮುಖ ಸಿಂಡರಿಸಿದ್ದರೆ ಎರಡನೆಯದು ಬರುತ್ತಲೇ ಇರಲಿಲ್ಲ.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಸಂಜೆ ಪಾಳಿಯವರು ಟ್ರೇ ಬಳಸಲೇ ಇಲ್ಲ, ಅಲ್ಲಿ ಇರುವುದೇ ಒಬ್ಬ ಫಾರ್ಮಸಿಸ್ಟ್, ಉತ್ತರ ಹೇಳಲು ಇನ್ನೊಬ್ಬರಿಲ್ಲ. ಡಿಸ್ಚಾರ್ಜ್ ಜಾಸ್ತಿ ಇದ್ದ ದಿನ ಕೆಲವರು ಹೆಚ್ಚು ಕಾಯಬೇಕಾಯಿತು, ಅವರ ಸಿಟ್ಟು ನ್ಯಾಯವೇ. ಕಾಲೇಜಿನ ಲಾಗ್‌ಬುಕ್ ಬದಲಾಗಲಿಲ್ಲ. ನಾವು ಅದರ ಹಿಂದೆ ಒಂದು ಖಾಲಿ ಹಾಳೆ ಪಿನ್ ಮಾಡುತ್ತೇವೆ, ಮೇಲೆ "ಇವತ್ತು ನಾನು ನಿಲ್ಲಿಸಿದ್ದು" ಅಂತ ಬರೆದಿರುತ್ತೆ. ಸಹಿ ದಿನಾ ಹಾಕುತ್ತೇನೆ, ಓದಿ.

ಮುಂದಿನ ತಂಡದಲ್ಲಿ ಒಬ್ಬ ಹುಡುಗ ಬಂದ. ಮೊದಲ ದಿನವೇ ಟ್ರೇ ತೋರಿಸಿ, ಮೆಥೊಟ್ರೆಕ್ಸೇಟ್ ಕತೆ ಹೇಳಿ, ನನ್ನ ಕೈ ಎತ್ತಿದ್ದನ್ನೂ ಹೇಳಿದೆ. ಎರಡು ವಾರವಾದರೂ ಅವನ ಹಾಳೆ ಖಾಲಿ. ಚೆನ್ನಾಗಿ ಮಾಡುತ್ತಿದ್ದಾನೆ ಅಂದುಕೊಳ್ಳುವುದರಲ್ಲಿದ್ದೆ. ಆಮೇಲೆ ಆ ಹನ್ನೊಂದು ಸಹಿ ನೆನಪಾಗಿ, ವಾರದ ಕೊನೆಯ ದಿನ ಕೂರಿಸಿಕೊಂಡು ಪ್ರಶ್ನೆ ಬದಲಿಸಿ ಕೇಳಿದೆ: "ನಿಲ್ಲಿಸ್ಬೇಕು ಅನ್ನಿಸಿ, ನಿಲ್ಲಿಸದೇ ಬಿಟ್ಟಿದ್ದು ಎಷ್ಟು?"

ಸ್ವಲ್ಪ ಯೋಚಿಸಿ ಹೇಳಿದ. "ಮೂರು, ಮೇಡಂ."

ಮೂರೂ ಚೀಟಿ ತೆಗೆಸಿ ಇಬ್ಬರೂ ಕೂತು ನೋಡಿದೆವು. ಎರಡು ಸರಿಯಾಗೇ ಇದ್ದವು. ಮೂರನೆಯದಕ್ಕೆ ಅವನೇ ವಾರ್ಡಿಗೆ ಫೋನ್ ಮಾಡಿದ.